ಚೀನಾದ ದೋಟಿಗೆ ಮುಂಗಡ ಕೊಡುವ ಮೊದಲು

"ದನ ತರುವಾಗ ಹಲ್ಲು ನೋಡ್ತೇವೆ, ಕೆಚ್ಚಲು ಮುಟ್ಟಿ ನೋಡ್ತೇವೆ. ಇದಕ್ಕೆ ಫೋಟೋ ನೋಡಿ ದುಡ್ಡು ಕಳಿಸುವುದಾ ಮಾರಾಯ್ರೇ?" ನಮ್ಮ ಗುಂಪಿನ ಹಿರಿಯರೊಬ್ಬರು ಹೀಗೆ ಕೇಳದೇ ಇರುತ್ತಿದ್ದರೆ ನಾವು ಮುಂಗಡ ಕಳಿಸಿಯೇ ಬಿಡುತ್ತಿದ್ದೆವು.

ಮರ ಏರುವವರು ಸಿಗುವುದಿಲ್ಲ. ಹಾಗಾಗಿ ಮೂವತ್ತು ಮಂದಿ ಸೇರಿ, ತಲಾ ಒಂದರಂತೆ, 60 ಅಡಿಯ ಕಾರ್ಬನ್ ಫೈಬರ್ ದೋಟಿ ಚೀನಾದಿಂದ ನೇರ ತರಿಸುವುದೆಂದು ಹೊರಟದ್ದು. ಮುಂಗಡ ತಲಾ ಒಂಬತ್ತು ಸಾವಿರ, ಒಟ್ಟು 2 ಲಕ್ಷ 70 ಸಾವಿರ. ಗುಂಪಿನಲ್ಲಿ ಅರ್ಧ ಎಕ್ರೆಯವರೂ ಇದ್ದರು. ಆಮದಿಗೆ ಬೇಕಾದ ಐಇಸಿ ಸಂಖ್ಯೆ ದೊಡ್ಡ ಕೆಲಸವಲ್ಲ. 500 ರೂ. ಶುಲ್ಕ, ಈಗ ಪ್ಯಾನ್ ಸಂಖ್ಯೆಯೇ ಐಇಸಿ. ಕಷ್ಟ ಇದ್ದದ್ದು ಆಚೆ ದಡದಲ್ಲಿ.

ಶಾಂಡಾಂಗ್ ಪ್ರಾಂತ್ಯದ ವೈಹಾಯ್ ಎಂಬ ಕಡಲತೀರದ ಊರು ಗಾಳದ ಕೋಲಿಗೆ ಹೆಸರುವಾಸಿ. ಅದೇ ವಿದ್ಯೆ ನಮ್ಮ ದೋಟಿಯದ್ದೂ. ಅಲ್ಲಿನ ಎರಡು ಕಂಪೆನಿಗಳು ಕ್ರಯ ಹೇಳಿದವು. ಎರಡೂ 'ನಾವೇ ತಯಾರಕರು' ಎಂದವು.

ಮೊದಲು ಎರಡೂ ಕಡೆಯ ಲೈಸೆನ್ಸಿನ ಪ್ರತಿ ಕೇಳಿದೆವು. ಚೀನಾದಲ್ಲಿ 2015ರಿಂದ ಪ್ರತಿ ಕಂಪೆನಿಗೂ ಅಂಕಿ-ಅಕ್ಷರ ಸೇರಿ 18 ಸ್ಥಾನಗಳ ಒಂದು ಸಂಖ್ಯೆ ಉಂಟು. ಅಲ್ಲಿನ ಸರಕಾರದ ಜಾಲತಾಣದಲ್ಲಿ ಅದನ್ನು ತಾಳೆ ನೋಡಬಹುದು. ಚೀನೀ ಭಾಷೆ ಬಲ್ಲ ಹುಡುಗನೊಬ್ಬ ಓದಿ ಹೇಳಿದ: ಮೊದಲನೆಯ ಕಂಪೆನಿಯ ವ್ಯವಹಾರದ ಪಟ್ಟಿಯಲ್ಲಿ ಸಗಟು ಮಾರಾಟ ಉಂಟು, ತಯಾರಿಕೆ ಇಲ್ಲ. ವಿಳಾಸವೂ ಒಂದು ಕಟ್ಟಡದ ಆರನೇ ಮಾಳಿಗೆ. ವ್ಯಾಪಾರಿ ಎಂದ ಕೂಡಲೇ ಮೋಸಗಾರ ಅಲ್ಲ. ಆದರೆ ಗಂಟು ಜಾರಿದರೆ, ಕೋಲು ಸೀಳಿದರೆ ಆತ ಇನ್ನೊಬ್ಬನನ್ನು ತೋರಿಸುತ್ತಾನೆ. ಅದನ್ನು ಬಿಟ್ಟೆವು.

ಎರಡನೆಯದಕ್ಕೆ, ಅಲ್ಲಿಯೇ ತಪಾಸಣೆ ಮಾಡಿ ವರದಿ ಕೊಡುವ ಸಂಸ್ಥೆಯೊಂದರಿಂದ ಒಂದು ದಿನದ ಮಟ್ಟಿಗೆ ಜನ ಗೊತ್ತು ಮಾಡಿದೆವು. ಖರ್ಚು ಸುಮಾರು 25 ಸಾವಿರ. "ದೋಟಿಯೇ ಬಂದಿಲ್ಲ, ನೋಡ್ಲಿಕ್ಕೆ ಇಷ್ಟಾ?" ಎಂದು ಕೆಲವರು ಸಿಡಿಮಿಡಿಗೊಂಡರು. ತಲೆಗೆ ಎಂಟುನೂರಮೂವತ್ತರಷ್ಟು ಬಿತ್ತು.

ತಪಾಸಣೆಯವ ಫೋನಿನಲ್ಲಿ ತೋರಿಸುತ್ತಾ ಹೋದ. ನಾವು ಜಗಲಿಯಲ್ಲಿ ಕೂತು ನೋಡಿದೆವು. ದೋಟಿ ಆಗುವ ಕ್ರಮ ಹೀಗೆ: ಅಂಟು ಸವರಿದ ಕಾರ್ಬನ್ ಹಾಳೆಯನ್ನು ಉಕ್ಕಿನ ಅಚ್ಚುಕೋಲಿಗೆ ಸುತ್ತುತ್ತಾರೆ, ಮೇಲಿಂದ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ, ಒಲೆಯ ಕೋಣೆಯಲ್ಲಿ ಬೇಯಿಸುತ್ತಾರೆ, ಅಚ್ಚು ಎಳೆದು ಪಟ್ಟಿ ಸುಲಿದು ಉಜ್ಜುತ್ತಾರೆ. ಆ ಹಾಳೆ ಹೊರಗಿಟ್ಟರೆ ಕೆಡುತ್ತದೆ. ಅದನ್ನು ಮೈನಸ್ 18 ಡಿಗ್ರಿ ಆಸುಪಾಸಿನಲ್ಲಿ ಇಡಬೇಕು. ಹಾಗಾಗಿ ನಾವು ಮೊದಲು ಕೇಳಿದ್ದು ಮ್ಯಾನೇಜರನ ಕೋಣೆಯನ್ನಲ್ಲ, "ಶೀತಲ ಕೋಣೆ ತೋರಿಸಿ." ಇತ್ತು. ಪೆಟ್ಟಿಗೆಗಳ ಮೇಲೆ ತಾರೀಕೂ ಇತ್ತು. ಅಚ್ಚುಕೋಲುಗಳು ಸಾಲಾಗಿ ನಿಂತಿದ್ದವು, ನಮ್ಮ ಅಳತೆಯವೂ. ಇಷ್ಟು ಕಂಡಾಗ ಇವರು ನಿಜವಾಗಿಯೂ ಮಾಡುವವರೇ ಎಂದು ಧೈರ್ಯ ಬಂತು. ಗೋಡೆಗೆ ತೂಗುಹಾಕಿದ ಐಎಸ್‌ಒ 9001 ಸರ್ಟಿಫಿಕೇಟ್ ನೋಡಿ ಬಂದ ಧೈರ್ಯವಲ್ಲ. ಅದು ಕಂಪೆನಿಯ ಆಡಳಿತ ಕ್ರಮಕ್ಕೆ ಕೊಡುವಂಥದ್ದು, ಈ ದೋಟಿ ಗಟ್ಟಿ ಎನ್ನುವುದಕ್ಕಲ್ಲ.

ಆದರೆ ಎಡವಟ್ಟು ಇದೇ ಕಡೆ ಸಿಕ್ಕಿತು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಅದಕ್ಕೇ ನಾವು ಕೈ ಹಿಡಿಯುವ ಬುಡದ ಎರಡು ತುಂಡು ಗ್ಲಾಸ್ ಫೈಬರಿನದ್ದೇ ಆಗಬೇಕೆಂದು ಬರೆದಿದ್ದೆವು. ಅವರೂ 'ಸರಿ' ಎಂದಿದ್ದರು. ತಯಾರಾಗಿದ್ದ ಮಾದರಿಯ ತುದಿಗಳ ವಾರ್ನಿಶ್ ಕೆರೆದು ಮಲ್ಟಿಮೀಟರ್ ಇಡಲು ಹೇಳಿದೆವು. ವಾರ್ನಿಶಿನ ಮೇಲೆ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ಮೀಟರ್ ಕೂಗಿತು. ಬುಡದ ತುಂಡುಗಳೂ ಕಾರ್ಬನ್ನೇ! ಅಲ್ಲಿನ ಮಾರಾಟದ ಹೆಂಗಸು ಗಾಬರಿಯಾಗಲಿಲ್ಲ. "ಇದು ಹಗುರ, ಹೆಚ್ಚು ಕ್ರಯದ್ದು. ನಿಮಗೆ ಒಳ್ಳೆಯದನ್ನೇ ಕೊಟ್ಟಿದ್ದೇವೆ" ಎಂದಳು. ಅವಳ ಲೆಕ್ಕದಲ್ಲಿ ಅದು ಸರಿಯೇ. ಅಡಿಕೆ ತೋಟದ ನಡುವೆ ತಂತಿ ಹಾದುಹೋಗುವುದನ್ನು ಅವಳು ಕಂಡವಳಲ್ಲ. ಜಗಲಿಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ದೋಟಿ ಕೈಗೆ ಬಂದ ಮೇಲಾದರೆ ಮೀಟರ್ ಹಿಡಿದು ನೋಡುವವ ನಮ್ಮಲ್ಲಿ ಯಾರಿದ್ದ?

ಹೊಸ ಮಾದರಿ ಮಾಡಿಸಿದೆವು. ಮೂರು ವಾರ ಹೋಯಿತು, ತೂಕವೂ ಸ್ವಲ್ಪ ಹೆಚ್ಚಿತು. ಒಪ್ಪಿದ ಮಾದರಿ ಎರಡು: ಸಹಿ ಹಾಕಿ ಒಂದು ಅಲ್ಲಿ, ಒಂದು ಇಲ್ಲಿ. ಕರಾರಿನಲ್ಲಿ ತುಂಡಿನ ಉದ್ದ, ತೂಕ, ಗೋಡೆಯ ದಪ್ಪ, ಬುಡದ ಗ್ಲಾಸ್ ಫೈಬರ್ ಎಲ್ಲವನ್ನೂ ಅಂಕಿಯಲ್ಲೇ ಬರೆಸಿದೆವು. 'ಉತ್ತಮ ಗುಣಮಟ್ಟ' ಎಂದು ಬರೆದರೆ ಜಗಳಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ನೂರಕ್ಕೆ ಮೂವತ್ತು ಮುಂಗಡ, ಉಳಿದದ್ದು ಸಾಗಿಸುವ ಮೊದಲಿನ ತಪಾಸಣೆ ಆದ ಮೇಲೆ. ಹಣ ಲೈಸೆನ್ಸಿನಲ್ಲಿದ್ದ ಹೆಸರಿನ ಖಾತೆಗೇ ಹೊರತು ವ್ಯಕ್ತಿಯ ಖಾತೆಗಲ್ಲ. ನಡುವೆ 'ಖಾತೆ ಬದಲಾಗಿದೆ' ಎಂದು ಇಮೇಲ್ ಬಂದರೆ ಹಳೆಯ ನಂಬರಿಗೆ ಫೋನ್ ಮಾಡಿ ಕೇಳದೆ ಕಳಿಸುವುದಿಲ್ಲ ಎಂದೂ ನಮ್ಮೊಳಗೆ ತೀರ್ಮಾನಿಸಿದೆವು. ಬೇರೆಯವರ ಇಮೇಲಿಗೆ ನುಗ್ಗಿ ಹೀಗೆ ಹಣ ಲಪಟಾಯಿಸುವವರು ಇದ್ದಾರೆ.

ದೊಡ್ಡ ಆರ್ಡರಾದರೆ ಎಲ್ಲವನ್ನೂ ನೋಡುವುದಿಲ್ಲ, ಲೆಕ್ಕದ ಪಟ್ಟಿಯ ಪ್ರಕಾರ ಕೆಲವನ್ನು ಆರಿಸುತ್ತಾರೆ. ಸಾಮಾನ್ಯವಾಗಿ 281ರಿಂದ 500 ಇದ್ದರೆ 50. ನಮ್ಮದು ಮೂವತ್ತೇ ಆದ್ದರಿಂದ ಮೂವತ್ತನ್ನೂ ಪೂರ್ತಿ ಬಿಡಿಸಿ, ಬಿಗಿದು, ಅಡ್ಡ ಹಿಡಿದು, ಪ್ರತಿಯೊಂದರ ಬುಡಕ್ಕೆ ಮೀಟರ್ ಇಟ್ಟು ನೋಡಿದರು. ಎರಡರ ಕ್ಲಾಂಪ್ ಜಾರುತ್ತಿತ್ತು, ಬದಲಾಯಿಸಿದರು. ಮೀಟರ್ ಯಾವುದಕ್ಕೂ ಕೂಗಲಿಲ್ಲ.

ಬುಡ ಗ್ಲಾಸ್ ಫೈಬರಿನದ್ದಾದರೂ ಒದ್ದೆ ದೋಟಿಯನ್ನು ನಂಬುವ ಹಾಗಿಲ್ಲ, ಮೇಲಿನ ತುಂಡುಗಳು ಕಾರ್ಬನ್ನೇ ತಾನೆ. ದನದ ಹಲ್ಲಿನ ಮಾತಾಡಿದ ಆ ಹಿರಿಯರು ದೋಟಿ ಬಂದ ದಿನವೇ ತೋಟಕ್ಕೆ ಬಣ್ಣದ ಡಬ್ಬಿ ಹಿಡಿದು ಹೋದರು. ದೋಟಿ ವಾಲಿದರೆ ತಂತಿಗೆ ತಾಗುವಷ್ಟು ದೂರದಲ್ಲಿರುವ ಮರಗಳಿಗೆಲ್ಲ ಕೆಂಪು ಪಟ್ಟಿ ಹೊಡೆದಿದ್ದಾರೆ. ಆ ಮರಗಳ ಕೊಯ್ಲಿಗೆ ಈಗಲೂ ಏರುವವನೇ ಬರಬೇಕು, ಅದೂ ಲೈನ್ ಆಫ್ ಮಾಡಿಸಿದ ಮೇಲೆ.