ಮನೆಯ ಬೆಕ್ಕಿಗೆ ಸ್ನಾನ: ಬೇಕೆ, ಬೇಡವೆ?

ಒಕ್ಕಣೆ ಮುಗಿದು ಧಾನ್ಯವು ಕಣಜವನ್ನು ಸೇರಿದ ಮೇಲೆ ಅದರ ರಾತ್ರಿಯ ಕಾವಲಿನ ಭಾರವು ಬಹುಮಟ್ಟಿಗೆ ಮನೆಯ ಬೆಕ್ಕಿನ ಮೇಲೆ ಬೀಳುವುದು. ಸಂಕ್ರಾಂತಿಯ ದಿನ ದನಗಳ ಮೈ ತೊಳೆದು ಸಿಂಗರಿಸುವ ಮನೆಗಳಲ್ಲಿ, ಬೂದಿಯ ಗುಡ್ಡೆಯಲ್ಲಿ ಹೊರಳಿ ಬಂದ ಈ ಕಾವಲುಗಾರನನ್ನು ಕಂಡು, ಇದಕ್ಕೂ ಎರಡು ಚೊಂಬು ನೀರು ಸುರಿದರಾಗದೇ ಎಂದು ಕೆಲವರಿಗೆ ತೋರುವುದು ಸಹಜವೇ. ಸುರಿದವರ ಕೈ ಮುಂಗೈಗಳ ಮೇಲಿನ ಗೀರುಗಳು ಮುಂದಿನ ಕಥೆಯನ್ನು ತಾವೇ ಹೇಳುತ್ತವೆ. ಗೀರುಗಳೇನೋ ಕೆಲವು ದಿನಗಳಲ್ಲಿ ಮಾಯಬಹುದು. ಆದರೆ ದನಗಳ ಉಣುಗಿಗೆಂದು ತಂದ ಔಷಧದ ಉಳಿಕೆಯನ್ನೇ ಬೆಕ್ಕಿಗೂ ಹಚ್ಚಿದಲ್ಲಿ ಆ ಪ್ರಾಣಿಯು ಬದುಕುವುದೇ ಕಷ್ಟ. ಆದಕಾರಣ ಬೆಕ್ಕಿನ ಸ್ನಾನದ ವಿಷಯವು ನಗೆಯ ಮಾತೆಂದು ಕಂಡರೂ, ಯಜಮಾನರು ಅರಿತಿರಬೇಕಾದ ಸಂಗತಿಯಾಗಿದೆ.

ಆರೋಗ್ಯವಂತ ಬೆಕ್ಕಿಗೆ ಸ್ನಾನ ಬೇಡ

ಬೆಕ್ಕು ತನ್ನ ಮೈಯನ್ನು ತಾನೇ ಶುಚಿಮಾಡಿಕೊಳ್ಳುವ ಪ್ರಾಣಿ. ಎಚ್ಚರವಾಗಿರುವ ವೇಳೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಅದು ಮೈ ನೆಕ್ಕುವುದರಲ್ಲಿಯೇ ಕಳೆಯುವುದುಂಟು. ಅದರ ನಾಲಿಗೆಯು ಅರದಂತೆ ಒರಟಾಗಿರುವುದಕ್ಕೆ ಅಲ್ಲಿರುವ ಸಣ್ಣ ಮುಳ್ಳುಗಳೇ ಕಾರಣ. ಈ ಮುಳ್ಳುಗಳ ತುದಿಯು ಚಿಕ್ಕ ಸೌಟಿನಂತೆ ಟೊಳ್ಳಾಗಿದ್ದು, ಜೊಲ್ಲನ್ನು ತುಂಬಿಕೊಂಡು ಕೂದಲಿನ ಬುಡದವರೆಗೆ ಮುಟ್ಟಿಸುತ್ತದೆಂದು ಅಮೆರಿಕದ ಜಾರ್ಜಿಯಾ ತಂತ್ರಜ್ಞಾನ ಸಂಸ್ಥೆಯ ವಿದ್ವಾಂಸರು 2018ರಲ್ಲಿ ತೋರಿಸಿಕೊಟ್ಟರು. ಹೀಗೆ ನೀರು, ಬಾಚಣಿಗೆ ಎರಡೂ ಬೆಕ್ಕಿನ ಬಾಯಲ್ಲಿಯೇ ಇವೆ. ಪದೇ ಪದೇ ಸಾಬೂನು ಹಚ್ಚಿ ತೊಳೆದರೆ ಚರ್ಮದ ಸಹಜವಾದ ಜಿಡ್ಡು ಹೋಗಿ, ಮೈ ಒಣಗಿ, ನವೆಯುಂಟಾಗುವುದು.

ಬೆಕ್ಕು ಇದ್ದಕ್ಕಿದ್ದಂತೆ ಮೈ ನೆಕ್ಕುವುದನ್ನು ಬಿಟ್ಟು, ಕೂದಲು ಜಡೆಗಟ್ಟಿ ಮಂಕಾಗಿ ಕುಳಿತರೆ ಅದನ್ನು ಕೊಳಕೆಂದು ಎಣಿಸಬಾರದು, ರೋಗಿಯೆಂದು ಎಣಿಸಬೇಕು. ಹಲ್ಲು ಒಸಡುಗಳ ನೋವು, ಕೀಲುನೋವು, ಜ್ವರ ಇವುಗಳಲ್ಲಿ ಯಾವುದಾದರೂ ಇರಬಹುದು. ಅದಕ್ಕೆ ಬೇಕಾದದ್ದು ಬಚ್ಚಲುಮನೆಯಲ್ಲ, ಪಶುವೈದ್ಯರು.

ನೀರೆಂದರೆ ಅಂಜಿಕೆ ಏಕೆ?

ಸಾಕುಬೆಕ್ಕಿನ ಮೂಲವು ಪಶ್ಚಿಮ ಏಷ್ಯಾ ಮತ್ತು ಆಫ್ರಿಕಾದ ಒಣನಾಡುಗಳ ಕಾಡುಬೆಕ್ಕು. ಇದರ ಕೂದಲು ಚರ್ಮದವರೆಗೂ ನೆನೆದು ಭಾರವಾಗುವುದು, ಬೇಗನೆ ಆರುವುದಿಲ್ಲ. ಸುಮಾರು 101 ಡಿಗ್ರಿ ಫ್ಯಾರನ್‌ಹೀಟಿನಷ್ಟು ಬೆಚ್ಚಗಿರುವ ಆ ಚಿಕ್ಕ ಶರೀರವು ಒದ್ದೆಯಾದೊಡನೆ ತಣ್ಣಗಾಗತೊಡಗುತ್ತದೆ. ಇವೆಲ್ಲಕ್ಕಿಂತಲೂ, ತಪ್ಪಿಸಿಕೊಳ್ಳುವ ದಾರಿಯಿಲ್ಲದಂತೆ ಅದುಮಿ ಹಿಡಿಯುವುದನ್ನು ಬೆಕ್ಕು ಸಹಿಸದು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರು ವಿರಳ. ಇಲಿಗಳ ಕಾಟವನ್ನು ನೀಗಲೆಂದು ಅರಸನು ಮನೆಮನೆಗೂ ಬೆಕ್ಕನ್ನು ಹಂಚಿ, ಅದರ ಹಾಲಿಗಾಗಿ ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಇಡಲು, ನಾಲಿಗೆ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲನ್ನು ಕಂಡರೆ ಓಡುತ್ತಿತ್ತು. ಕಥೆ ಹೇಗಾದರೂ ಇರಲಿ, ಬೆಕ್ಕಿನ ನೆನಪನ್ನು ಕುರಿತ ಮಾತು ಸತ್ಯ. ಮೊದಲ ಸ್ನಾನದಲ್ಲಿ ಬೆದರಿದ ಬೆಕ್ಕು ಮುಂದೆ ಬೋಗುಣಿಯ ಸದ್ದನ್ನು ಕೇಳಿದರೂ ಅಟ್ಟವನ್ನೇರುವುದು.

ತೊಳೆಯಲೇಬೇಕಾದ ಸಂದರ್ಭಗಳು

ತನ್ನ ಮೈಗೆ ಅಂಟಿದ್ದನ್ನೆಲ್ಲಾ ಬೆಕ್ಕು ನೆಕ್ಕಿ ನುಂಗುವುದು. ಅದರ ಶುಚಿತ್ವದ ಗುಣವೇ ಇಲ್ಲಿ ಅದಕ್ಕೆ ಮೃತ್ಯುವಾಗುತ್ತದೆ. ಆದುದರಿಂದ ಬೆಳೆಗೆ ಸಿಂಪಡಿಸುವ ಕೀಟನಾಶಕ, ಪಂಪುಸೆಟ್ಟಿನ ಹಳೆಯ ಎಣ್ಣೆ, ಡೀಸೆಲ್, ಸೀಮೆಎಣ್ಣೆ, ಬಣ್ಣ ಅಥವಾ ನೆಲ ಒರೆಸುವ ಫಿನೈಲ್ ಮೈಗೆ ತಗುಲಿದ್ದರೆ ತಡಮಾಡದೆ ತೊಳೆಯಬೇಕು. ಚರ್ಮರೋಗಕ್ಕೆ ವೈದ್ಯರು ಔಷಧದ ಸ್ನಾನವನ್ನು ವಿಧಿಸಿದಾಗಲೂ, ಮುದಿತನದಿಂದ ಅಥವಾ ಭೇದಿಯಿಂದ ಹಿಂಭಾಗವು ಮಲಿನವಾದಾಗಲೂ ತೊಳೆಯುವುದು ಯುಕ್ತ. ಈ ಕೊನೆಯ ಸಂದರ್ಭದಲ್ಲಿ ಕೊಳೆಯಾದ ಭಾಗವನ್ನು ಮಾತ್ರ ತೊಳೆದರೆ ಸಾಕು.

ಚಿಗಟಗಳಿಗೆ ಸ್ನಾನವೊಂದೇ ಪರಿಹಾರವಲ್ಲ. ಚಿಗಟದ ಮೊಟ್ಟೆಗಳು ಬೆಕ್ಕು ಮಲಗುವ ಜಾಗದಲ್ಲಿ ಉದುರಿರುತ್ತವೆ. ಆ ಗೋಣಿತಟ್ಟನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ, ಬೆಕ್ಕಿನ ಮೈಯನ್ನು ಸೀರಣಿಗೆಯಿಂದ ದಿನವೂ ಬಾಚಿ, ಸಿಕ್ಕ ಚಿಗಟಗಳನ್ನು ಸಾಬೂನು ನೀರಿನಲ್ಲಿ ಮುಳುಗಿಸಬೇಕು. ಎಳೆಯ ಮರಿಗಳಲ್ಲಿ ಚಿಗಟಗಳು ಹೆಚ್ಚಿದರೆ ರಕ್ತಹೀನತೆಯಿಂದ ಮರಿಯು ಸಾಯುವುದೂ ಉಂಟಾದ್ದರಿಂದ ವೈದ್ಯರಿಗೆ ತೋರಿಸತಕ್ಕದ್ದು.

ದನದ ಔಷಧವು ಬೆಕ್ಕಿಗೆ ವಿಷ

ದನಕರುಗಳ ಉಣುಗಿಗೆ ಉಪಯೋಗಿಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಎಂಬ ಔಷಧಗಳನ್ನಾಗಲಿ, ನಾಯಿಗಳಿಗೆಂದು ಮಾರುವ ಪರ್‌ಮೆಥ್ರಿನ್ ಇರುವ ಔಷಧವನ್ನಾಗಲಿ ಬೆಕ್ಕಿಗೆ ಹಚ್ಚಕೂಡದು. ನೀರು ಹೆಚ್ಚಾಗಿ ಬೆರೆಸಿದರೆ ಬಾಧಕವಿಲ್ಲವೆಂದು ಕೆಲವರು ತಿಳಿಯುವುದು ಅಪಾಯಕರ. ದನ, ನಾಯಿಗಳ ಯಕೃತ್ತು ಮಾರ್ಪಡಿಸಿ ಹೊರಹಾಕಬಲ್ಲ ಕೆಲವು ವಸ್ತುಗಳನ್ನು ಬೆಕ್ಕಿನ ಯಕೃತ್ತು ಹಾಗೆ ಮಾಡಲಾರದು. ಅವು ಮೈಯಲ್ಲಿಯೇ ಉಳಿದು ನರಗಳನ್ನು ಕೆಡಿಸುತ್ತವೆ. ಕೆಲವು ಗಂಟೆಗಳಲ್ಲಿಯೇ ಜೊಲ್ಲು ಸುರಿಯುವುದು, ಕಿವಿ ಮೈಗಳು ಅದುರುವುದು, ತೂರಾಡುವುದು, ಕಡೆಗೆ ಸೆಳವು ಕಾಣಬಹುದು. ಹೀಗಾದಲ್ಲಿ ಔಷಧದ ಹೆಸರುಳ್ಳ ಸೀಸೆಯ ಸಮೇತ ಬೆಕ್ಕನ್ನು ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಸೆಳವು ಬಂದಿರುವ ಬೆಕ್ಕನ್ನು ಮನೆಯಲ್ಲಿ ತೊಳೆಯಲು ಹೋಗಬಾರದು.

ತೊಳೆಯುವ ಕ್ರಮ

1. ಇಬ್ಬರಿರಬೇಕು, ಒಬ್ಬರು ಹಿಡಿಯಲು, ಇನ್ನೊಬ್ಬರು ತೊಳೆಯಲು. ಬಾಗಿಲು ಕಿಟಕಿಗಳನ್ನು ಮುಚ್ಚಿ, ನೀರು, ಚೊಂಬು, ಒಣಬಟ್ಟೆಗಳನ್ನು ಮೊದಲೇ ಅಣಿಮಾಡಿಕೊಳ್ಳತಕ್ಕದ್ದು. ವಿಷವಸ್ತು ತಗುಲಿದ್ದರೆ ಕೈಚೀಲ ತೊಡಬೇಕು.

2. ಅಂಟಿರುವುದು ಪುಡಿಯಾಗಿದ್ದರೆ ಒದ್ದೆಮಾಡುವ ಮೊದಲು ಒಣಬಟ್ಟೆಯಿಂದ ಕೊಡವಬೇಕು. ಜಿಗುಟಾದ ಎಣ್ಣೆಯಾಗಿದ್ದರೆ ಸ್ವಲ್ಪ ಅಡಿಗೆ ಎಣ್ಣೆಯಿಂದ ಸಡಿಲಿಸಿ, ಬಳಿಕ ಪಾತ್ರೆ ತೊಳೆಯುವ ದ್ರವಸಾಬೂನನ್ನು ನೀರಿನಲ್ಲಿ ಬೆರೆಸಿ ತೊಳೆಯಬೇಕು. ಬಣ್ಣವನ್ನು ತೆಗೆಯಲು ಸೀಮೆಎಣ್ಣೆ, ಟರ್ಪೆಂಟೈನ್ ಮುಟ್ಟಿಸಕೂಡದು.

3. ಅಗಲವಾದ ಬೋಗುಣಿಯ ತಳದಲ್ಲಿ ಗೋಣಿತಟ್ಟನ್ನು ಹಾಸಬೇಕು. ಕಾಲು ಜಾರದಿದ್ದರೆ ಬೆಕ್ಕಿನ ಅರ್ಧ ಭಯವು ಹೋಗುವುದು. ನೀರು ನಾಲ್ಕು ಬೆರಳಿನಷ್ಟು ಆಳವಿದ್ದರೆ ಸಾಕು.

4. ನೀರು ಉಗುರುಬೆಚ್ಚಗಿರಬೇಕು. ಬಿಸಿನೀರಿನಿಂದ ವಿಷವು ಚರ್ಮದೊಳಕ್ಕೆ ಬೇಗ ಇಳಿಯುವುದು. ತಣ್ಣೀರಿನಿಂದ ಮೈ ಕುಗ್ಗಿ ನಡುಕವು ಹೆಚ್ಚುವುದು.

5. ತಲೆಯ ಮೇಲೆ ನೀರು ಸುರಿಯಕೂಡದು. ಕತ್ತಿನಿಂದ ಬಾಲದ ಕಡೆಗೆ ಮೆಲ್ಲಗೆ ಹೊಯ್ದು, ಮುಖವನ್ನು ಒದ್ದೆಬಟ್ಟೆಯಿಂದ ಒರೆಸಬೇಕು. ಸೀಗೆಪುಡಿಯು ಕಣ್ಣಿಗೆ ಉರಿಯಾದ್ದರಿಂದ ಅದನ್ನು ಬಿಡುವುದೇ ಲೇಸು.

6. ಸಾಬೂನಿನ ಅಂಶವು ಉಳಿಯದಂತೆ ತೊಳೆದು, ಒಣಬಟ್ಟೆಯಲ್ಲಿ ಸುತ್ತಿ ಒತ್ತಿ ಒರೆಸಿ, ಗಾಳಿ ಬೀಸದ ಬೆಚ್ಚನೆಯ ಕಡೆ ಇರಿಸಬೇಕು. ಎಂಟು ವಾರಕ್ಕಿಂತ ಚಿಕ್ಕ ಮರಿಗಳನ್ನು ಬೆಚ್ಚನೆಯ ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು.

7. ವಿಷವಸ್ತುವನ್ನು ತೊಳೆದ ಮೇಲೂ ಬೆಕ್ಕನ್ನು ವೈದ್ಯರಿಗೆ ತೋರಿಸತಕ್ಕದ್ದು. ಅಷ್ಟರಲ್ಲಿಯೇ ಸ್ವಲ್ಪ ನೆಕ್ಕಿರಬಹುದು.

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿಯ ರೋಗವೆಂದು ಕರೆಯುವ ರೇಬೀಸು ಬೆಕ್ಕಿನಿಂದಲೂ ಬರುವುದು. ಸುಣ್ಣ, ಅರಿಶಿನ ಮೆತ್ತಿ ಸುಮ್ಮನಿರುವುದು ತರವಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯುಂಟು. ದನದ ಔಷಧದ ಸೀಸೆಯೊಡನೆ ಬೆಕ್ಕನ್ನು ತೊಳೆಯಹೊರಟಲ್ಲಿ ಪ್ರಾಣಸಂಕಟವು ಬೆಕ್ಕಿನದೇ ಆಗುವುದು. ಕಣಜದ ಇಲಿಗಳಿಗೆ ಹಬ್ಬವಾಗುವುದು. ಗ್ರಾಮದ ಮುಖ್ಯರೂ ಭೂಮಾಲೀಕರೂ ತಮ್ಮ ಮನೆಗಳಲ್ಲಿ ಔಷಧದ ಸೀಸೆಗಳನ್ನು ಬೀಗದಲ್ಲಿರಿಸಿ, ದನಗಳಿಗೆ ಔಷಧ ಹಚ್ಚುವ ದಿನ ಅವುಗಳ ಮೈ ಆರುವವರೆಗೆ ಬೆಕ್ಕು ಕೊಟ್ಟಿಗೆಗೆ ಬಾರದಂತೆ ನೋಡಿಕೊಂಡು, ಆಳುಕಾಳುಗಳಿಗೂ ನೆರೆಹೊರೆಯವರಿಗೂ ಈ ವಿಷಯವನ್ನು ತಿಳಿಯಹೇಳುವುದು ಉಚಿತ. ಅಷ್ಟಾದರೆ, ಮಿಕ್ಕ ದಿನಗಳ ಸ್ನಾನವನ್ನು ಬೆಕ್ಕು ತಾನೇ ನೋಡಿಕೊಳ್ಳುವುದು.