ಗಟ್ಟಿಯಾಗಿದ್ದರೆ ಹಳೆಯದು ಎಂದು ಯಾರು ಹೇಳಿದರು?

ಲಂಡನ್ನಿಗೆ ಹೋದವರು ಹ್ಯಾರೋಡ್ಸ್‌ನ ಆಹಾರ ವಿಭಾಗವನ್ನೋ, ಬರ್ಲಿನ್ನಿಗೆ ಹೋದವರು ಕಾಡೆವೆ ಮಳಿಗೆಯ ಆರನೇ ಮಹಡಿಯನ್ನೋ ನೋಡದೆ ಬರುವುದಿಲ್ಲ. ನೋಡಲಿ, ಕಣ್ತುಂಬ ನೋಡುವಂಥ ಜಾಗಗಳೇ ಅವು. ಆದರೆ ಅಂಥ ಕಡೆಯಿಂದ ಒಂದು ಬಾಲ್ಸಾಮಿಕ್ ವಿನೆಗರ್ ಬಾಟಲಿ ತಂದು, ಓರೆ ಮಾಡಿ ತೋರಿಸಿ, “ಎಷ್ಟು ಗಟ್ಟಿ ಇದೆ ನೋಡಿ, 25 ವರ್ಷ ಪೀಪಾಯಿಯಲ್ಲಿ ಇಟ್ಟಿದ್ದಂತೆ” ಅನ್ನುತ್ತಾರಲ್ಲ, ಅದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಗಟ್ಟಿಯಾಗಿಸಲು ವರ್ಷಗಳೇ ಬೇಕಿಲ್ಲ. ಇಂಗಿಸಿದ ದ್ರಾಕ್ಷಿ ರಸವನ್ನು ತುಸು ಹೆಚ್ಚು ಸುರಿದರೆ ಸಾಕು. ‘ಗ್ಲೇಜ್’ ಎಂದು ಮಾರುವುದರಲ್ಲಂತೂ ಸಾಮಾನ್ಯವಾಗಿ ಪಿಷ್ಟವೋ ಗೋಂದೋ ಬೆರೆತಿರುತ್ತದೆ. ಕಡುಗಪ್ಪು ಬಣ್ಣವೂ ಪುರಾವೆಯಲ್ಲ. ‘ಮೊಡೆನಾದ ಬಾಲ್ಸಾಮಿಕ್ ವಿನೆಗರ್’ ಎಂಬ ಹೆಸರಿನಲ್ಲಿ ಐಜಿಪಿ ಎಂಬ ಭೌಗೋಳಿಕ ಗುರುತಿನ ಮುದ್ರೆಯೊಂದಿಗೆ ಬರುವುದು ದ್ರಾಕ್ಷಿ ರಸ ಮತ್ತು ವೈನ್ ವಿನೆಗರಿನ ಮಿಶ್ರಣ. ಅದಕ್ಕೆ ಶೇ. 2ರವರೆಗೆ ಕ್ಯಾರಮೆಲ್ ಬಣ್ಣ ಸೇರಿಸಲು ನಿಯಮವೇ ಅವಕಾಶ ಕೊಟ್ಟಿದೆ. ಮರದ ಪಾತ್ರೆಯಲ್ಲಿ ಇರಬೇಕಾದ ಕನಿಷ್ಠ ಅವಧಿ 60 ದಿನ. ವರ್ಷವಲ್ಲ, ದಿನ.

ನಿಜಕ್ಕೂ ವಯಸ್ಸಾದದ್ದು ಬೇರೆಯೇ ಇದೆ. ಅದರ ಹೆಸರಿನಲ್ಲಿ ‘ತ್ರಾದಿತ್ಸಿಯೊನಾಲೆ’ ಎಂದಿರುತ್ತದೆ, ಮುದ್ರೆ ಡಿಒಪಿ, ಅಂದರೆ ಸಂರಕ್ಷಿತ ಮೂಲಸ್ಥಾನದ್ದು. ಪದಾರ್ಥ ಒಂದೇ: ಬೇಯಿಸಿದ ದ್ರಾಕ್ಷಿ ರಸ. ಇಟಲಿಯ ಮೊಡೆನಾದ ಮನೆಗಳಲ್ಲಿ ಪೀಪಾಯಿಗಳನ್ನು ಸಾಲಾಗಿ ಇಡುವುದು ತಂಪು ನೆಲಮಾಳಿಗೆಯಲ್ಲಲ್ಲ, ಹೆಂಚಿನ ಕೆಳಗಿನ ಅಟ್ಟದಲ್ಲಿ. ಬೇಸಿಗೆಯ ಕಾವಿಗೆ ರಸ ಇಂಗಬೇಕು, ಚಳಿಗೆ ತಣಿಯಬೇಕು. ಓಕ್, ಚೆಸ್ಟ್‌ನಟ್, ಚೆರಿ, ಹಿಪ್ಪುನೇರಳೆ ಹೀಗೆ ಒಂದೊಂದು ಪೀಪಾಯಿ ಒಂದೊಂದು ಮರದ್ದು, ಒಂದಕ್ಕಿಂತ ಒಂದು ಚಿಕ್ಕದು. ವರ್ಷಕ್ಕೊಮ್ಮೆ ತೀರಾ ಚಿಕ್ಕ ಪೀಪಾಯಿಯಿಂದ ಸ್ವಲ್ಪವೇ ತೆಗೆಯುತ್ತಾರೆ. ಆ ಕೊರತೆಯನ್ನು ಪಕ್ಕದ ಪೀಪಾಯಿಯಿಂದ ತುಂಬುತ್ತಾರೆ, ಅದರದ್ದನ್ನು ಅದರಾಚೆಯದರಿಂದ. ಕೊನೆಗೆ ದೊಡ್ಡ ಪೀಪಾಯಿಗೆ ಆ ವರ್ಷದ ಹೊಸ ರಸ. ಹೀಗೆ ಹೊಸದೂ ಹಳೆಯದೂ ಬೆರೆಯುತ್ತಲೇ ಇರುವುದರಿಂದ ಪ್ರತಿ ಹನಿಗೂ ಒಂದೇ ವಯಸ್ಸು ಹೇಳಲು ಬರುವುದಿಲ್ಲ. ಕನಿಷ್ಠ 12 ವರ್ಷ ಕಳೆಯಬೇಕು. ‘ಎಕ್ಸ್‌ತ್ರಾವೆಕ್ಕಿಯೊ’ ಅನ್ನಿಸಿಕೊಳ್ಳಲು 25. ಅಷ್ಟಾದ ಮೇಲೂ ರುಚಿ ನೋಡುವ ತಜ್ಞರು ಒಪ್ಪಬೇಕು, ಆಮೇಲೆ ಬಾಟಲಿ. ಆ ಬಾಟಲಿಯೂ 100 ಮಿಲಿಯದು, ಬುಡ ಚೌಕ, ಮೇಲೆ ಗುಂಡಗೆ; ‘ಗಾಲ್ಫ್’ ಎಂಬ ಕಾರಿನ ಮೊದಲ ಮಾದರಿಗೆ ರೂಪ ಕೊಟ್ಟ ಜೊರ್ಜೆತ್ತೊ ಜುಜಾರೊನ ವಿನ್ಯಾಸ. ನಿಮ್ಮ ಬಾಟಲಿ ಅರ್ಧ ಲೀಟರಿನದಾಗಿದ್ದರೆ ಮುಂದಿನ ಮಾತೇ ಬೇಡ.

ಮಗಳು ಹುಟ್ಟಿದಾಗ ಒಂದು ಸಾಲು ಪೀಪಾಯಿ ಹೂಡಿ, ಮದುವೆಗೆ ಅದನ್ನೇ ಬಳುವಳಿಯಾಗಿ ಕೊಡುವ ಪದ್ಧತಿ ಆ ಸೀಮೆಯಲ್ಲಿ ಇತ್ತು. ಅಷ್ಟು ತಾಳ್ಮೆಯ ಕೆಲಸವನ್ನು 60 ದಿನದ ಮಿಶ್ರಣದ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಉಳಿದ ನಂಬಿಕೆಗಳೂ ಇಂಥವೇ. ಟ್ರಫಲ್ ಎಣ್ಣೆಯ ಘಮ ಬಹುಪಾಲು ಬಾಟಲಿಗಳಲ್ಲಿ ಅಣಬೆಯದಲ್ಲ, ಕಾರ್ಖಾನೆಯಲ್ಲಿ ತಯಾರಾದ 2,4-ಡೈಥಯಾಪೆಂಟೇನ್‌ನದು. ಮಳಿಗೆಯ ಹೆಸರು ಹೊತ್ತ ಜಾಮನ್ನು ಮಳಿಗೆಯವರೇ ಕಾಯಿಸುತ್ತಾರೆ ಎಂದುಕೊಳ್ಳಬೇಡಿ; ಸಾಮಾನ್ಯವಾಗಿ ಬೇರೆ ತಯಾರಕರಿಂದ ಮಾಡಿಸಿ ತಮ್ಮ ಚೀಟಿ ಅಂಟಿಸುತ್ತಾರೆ. ‘ಆರ್ಟಿಸನ್’ ಎಂದು ಬರೆದುಕೊಳ್ಳಲು ಬ್ರಿಟನ್ನಿನಲ್ಲಿ ಕಾನೂನಿನ ವ್ಯಾಖ್ಯೆಯೇ ಇಲ್ಲ. ಫ್ರಾನ್ಸಿನಲ್ಲಾದರೆ 1998ರಿಂದ, ಹಿಟ್ಟು ನಾದಿ ಬೇಯಿಸುವುದು ಅದೇ ಜಾಗದಲ್ಲಿ ನಡೆಯದಿದ್ದರೆ ಅಂಗಡಿಗೆ ‘ಬುಲಾಂಜ್ರಿ’ ಎಂಬ ಫಲಕ ಹಾಕುವಂತಿಲ್ಲ.

ನಮ್ಮ ಜನ ಸಂತೆಯಲ್ಲಿ ಬೆಲ್ಲದ ಅಚ್ಚು ತುಸು ಹೆಚ್ಚು ಬೆಳ್ಳಗಿದ್ದರೂ ಮುರಿದು, ಮೂಸಿ, ನಾಲಿಗೆಗಿಟ್ಟು, ಏನು ಬೆರೆಸಿದ್ದೀರಿ ಎಂದು ಕೇಳುವವರು. ಅದೇ ಜನ ಅಮೃತಶಿಲೆಯ ನೆಲ, ಹಿತ್ತಾಳೆಯ ದೀಪ ಕಂಡೊಡನೆ ಬಾಟಲಿ ತಿರುಗಿಸಿ ಓದುವುದನ್ನೇ ಬಿಡುತ್ತಾರೆ. ಹೊಳಪಿಗೆ ಸೋಲುವುದನ್ನು ಅಭಿರುಚಿ ಎಂದು ಕರೆಯುವುದು ನನ್ನಿಂದಾಗದು. ಬಾಟಲಿಯ ಹಿಂದಿನ ಚೀಟಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಮೊದಲ ಹೆಸರು ವೈನ್ ವಿನೆಗರ್ ಆಗಿದ್ದರೆ ನೀವು ಹೆಚ್ಚಾಗಿ ಕೊಂಡದ್ದು ಅದನ್ನೇ. ಸಲಾಡಿಗೆ ಅದು ಚೆನ್ನಾಗಿಯೇ ಇರುತ್ತದೆ, ಧಾರಾಳವಾಗಿ ಬಳಸಿ. 25 ವರ್ಷದ್ದು ಸಿಕ್ಕರೆ ಮಾತ್ರ ಒಲೆಯ ಮೇಲೆ ಕಾಯಿಸಬೇಡಿ, ಪರಿಮಳ ಹಾರಿಹೋಗುತ್ತದೆ. ಪಾರ್ಮೆಸಾನ್ ಚೂರಿನ ಮೇಲೆ ನಾಲ್ಕು ಹನಿ ಸಾಕು.