ಕುಡಿತ ಬಿಟ್ಟವಳು ಯಾವ ಮನೆಗೆ ಹೋಗಬೇಕು?

ಗುಜರಾತ್ ಹುಟ್ಟಿದ್ದೇ ಪಾನನಿಷೇಧದ ರಾಜ್ಯವಾಗಿ. 1960ರ ಮೇ 1ರಂದು ಮುಂಬಯಿ ರಾಜ್ಯ ಒಡೆದು ಎರಡಾದಾಗ, 1949ರ ಪಾನನಿಷೇಧ ಕಾಯ್ದೆಯನ್ನು ಅದು ಹಾಗೇ ಉಳಿಸಿಕೊಂಡಿತು. ಪರ್ಮಿಟ್ ಇಲ್ಲದೆ ಅಲ್ಲಿ ಕುಡಿಯುವುದೇ ಅಪರಾಧ. ಆದರೂ 1989ರಲ್ಲಿ ವಡೋದರದಲ್ಲಿ, 2009ರಲ್ಲಿ ಅಹಮದಾಬಾದಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. 2016ರಲ್ಲಿ ಸೂರತ್ತಿನ ಸರದಿ ಬಂತು. ಅಲ್ಲಿಯ ಜನ ಇದನ್ನು ‘ಲಠ್ಠಾಕಾಂಡ’ ಎನ್ನುತ್ತಾರೆ. ಪ್ರತಿ ಲಠ್ಠಾಕಾಂಡದ ಮರುದಿನವೂ ಪತ್ರಿಕೆಗಳಲ್ಲಿ ಅದೇ ಚಿತ್ರ: ಆಸ್ಪತ್ರೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತ ಹೆಂಗಸರು. ಮದ್ಯದ ಕಥೆಯಲ್ಲಿ ಹೆಣ್ಣಿಗೆ ನಾವು ಕೊಟ್ಟಿರುವುದು ಆ ಒಂದೇ ಪಾತ್ರ, ಕುಡುಕನ ಹೆಂಡತಿಯದು. ಕುಡಿಯುವವಳೇ ಅವಳಾದರೆ ಏನು ಮಾಡಬೇಕೆಂದು ನಮಗೆ ತೋಚುವುದಿಲ್ಲ.

ಅಂಥವರು ಇದ್ದಾರೆಯೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗುಜರಾತಿನಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು ಆರು ಮಂದಿ ಕುಡಿಯುತ್ತಾರೆ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಶೇಕಡಾವಾರು ಸಣ್ಣದು, ಆದರೆ ತಲೆ ಎಣಿಸಿದರೆ ಲಕ್ಷ ದಾಟುತ್ತದೆ. ಅದೂ ಪಾನನಿಷೇಧದ ನಾಡಿನಲ್ಲಿ, ಮನೆ ಬಾಗಿಲಿಗೆ ಬಂದ ಅಪರಿಚಿತರ ಮುಂದೆ ‘ಹೌದು’ ಎಂದವರ ಲೆಕ್ಕ ಮಾತ್ರ. ತಂಬಾಕಿನ ವಿಷಯಕ್ಕೆ ಬಂದರೆ ಈ ಸಂಕೋಚವಿಲ್ಲ. ವಸಡಿಗೆ ತಿಕ್ಕುವ ಛೀಂಕಣಿ ಪುಡಿಯಂಥ ಪದಾರ್ಥಗಳೂ ಸೇರಿ, ನೂರಕ್ಕೆ ಎಂಟೊಂಬತ್ತು ಹೆಂಗಸರು ತಂಬಾಕು ಬಳಸುವುದಾಗಿ ಅದೇ ಸಮೀಕ್ಷೆಯಲ್ಲಿ ಹೇಳಿಕೊಂಡಿದ್ದಾರೆ. ಸಮಾಜ ಕ್ಷಮಿಸುವ ಚಟ ಲೆಕ್ಕಕ್ಕೆ ಸಿಗುತ್ತದೆ, ಕ್ಷಮಿಸದ ಚಟ ಬಚ್ಚಲುಮನೆಯಲ್ಲೋ ಅಕ್ಕಿ ಡಬ್ಬದ ಹಿಂದೆಯೋ ಅಡಗಿ ಕೂರುತ್ತದೆ.

ಹೀಗೆ ಅಡಗಿದ್ದಷ್ಟೂ ಹಾನಿ ಹೆಚ್ಚು. ಒಂದೇ ತೂಕದ ಗಂಡಸು ಮತ್ತು ಹೆಂಗಸು ಒಂದೇ ಅಳತೆ ಕುಡಿದರೂ ಹೆಂಗಸಿನ ರಕ್ತದಲ್ಲಿ ಆಲ್ಕೊಹಾಲ್ ಮಟ್ಟ ಹೆಚ್ಚೇರುತ್ತದೆ. ಆಲ್ಕೊಹಾಲ್ ನೀರಿನಲ್ಲಿ ಕರಗುವ ವಸ್ತು, ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆ. 1990ರಲ್ಲಿ ಫ್ರೆಝಾ, ಲೀಬರ್ ಮತ್ತು ಸಂಗಡಿಗರು ಇನ್ನೊಂದು ಕಾರಣವನ್ನೂ ತೋರಿಸಿದರು. ರಕ್ತ ಸೇರುವ ಮೊದಲೇ ಆಲ್ಕೊಹಾಲಿನ ಸ್ವಲ್ಪ ಭಾಗವನ್ನು ಜಠರದಲ್ಲೇ ಒಡೆಯುವ ಕಿಣ್ವ ಹೆಂಗಸರಲ್ಲಿ ಮಂದವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಮೊದಲ ಗುಟುಕಿನಿಂದ ಯಕೃತ್ತು ಕೆಡುವವರೆಗಿನ ದಾರಿಯನ್ನು ಎಷ್ಟೋ ಹೆಂಗಸರು ಗಂಡಸರಿಗಿಂತ ಕಡಿಮೆ ವರ್ಷಗಳಲ್ಲಿ ಕ್ರಮಿಸಿಬಿಡುತ್ತಾರೆ. ಚಿಕಿತ್ಸೆಗೆ ಬರುವುದು ಮಾತ್ರ ತಡ.

ಬಂದರು ಎಂದುಕೊಳ್ಳೋಣ. ನಡುಕ, ಬೆವರು, ನಿದ್ದೆಗೇಡುಗಳನ್ನು ಔಷಧಿಯಿಂದ ಹತೋಟಿಗೆ ತಂದು, ನಾಲ್ಕು ವಾರ ಇಟ್ಟುಕೊಂಡು, ವೈದ್ಯರು ಮನೆಗೆ ಕಳುಹಿಸುತ್ತಾರೆ. ಮನೆಯವರ ಪಾಲಿಗೆ ಅಲ್ಲಿಗೆ ಕಾಯಿಲೆ ಮುಗಿಯಿತು. ಮಿದುಳಿನ ಲೆಕ್ಕ ಬೇರೆ. 2001ರಲ್ಲಿ ಬಾಲ್ಟಿಮೋರಿನ ವಿಜ್ಞಾನಿಗಳು ಕೊಕೇನ್ ಚಟ ಹತ್ತಿದ ಇಲಿಗಳಿಗೆ ಮದ್ದು ನಿಲ್ಲಿಸಿ, ಬೇರೆ ಬೇರೆ ದಿನಗಳಲ್ಲಿ ಅವುಗಳ ಹಂಬಲವನ್ನು ಅಳೆದರು. ಮದ್ದು ಸಿಗುವಾಗ ಕಾಣುತ್ತಿದ್ದ ಬೆಳಕು, ಕೇಳುತ್ತಿದ್ದ ಸದ್ದು ಮತ್ತೆ ಎದುರಾದರೆ ಇಲಿ ಎಷ್ಟು ಸಲ ಸನ್ನೆಕೋಲು ಒತ್ತುತ್ತದೆ ಎಂಬುದೇ ಅಳತೆ. ದಿನ ಕಳೆದಂತೆ ಒತ್ತುವುದು ಕಡಿಮೆಯಾಗಬೇಕಿತ್ತು. ಅದು ಎರಡು ತಿಂಗಳವರೆಗೂ ಏರುತ್ತಲೇ ಹೋಯಿತು. ಮದ್ದು ಬಿಟ್ಟ ಮರುದಿನಕ್ಕಿಂತ ಅರುವತ್ತನೆಯ ದಿನ ಹಂಬಲ ಜಾಸ್ತಿ! ಮನುಷ್ಯರಲ್ಲೂ ಇದೇ ಬಗೆಯ ಏರಿಕೆಯ ಕುರುಹುಗಳು ಸಿಕ್ಕಿವೆ. ಅಂದರೆ ಆಸ್ಪತ್ರೆಯ ಚೀಟಿ ಹಿಡಿದು ಹೆಂಗಸು ಅದೇ ಅಡುಗೆಮನೆಗೆ, ಅದೇ ಜಗಳಕ್ಕೆ ಮರಳುವುದು ಹಂಬಲ ಇನ್ನೂ ಮೇಲೇರುತ್ತಿರುವ ಹೊತ್ತಿನಲ್ಲಿ.

ಇಲ್ಲಿ ಗಂಡಸಿಗೂ ಹೆಂಗಸಿಗೂ ದೊಡ್ಡ ಅಂತರವಿದೆ. ಗಂಡಸು ಬಿಟ್ಟುಬಂದರೆ ಹೆಂಡತಿ ಕಾವಲಿಗೆ ನಿಲ್ಲುತ್ತಾಳೆ, ಊರು ಹರಸುತ್ತದೆ. ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ನೋಡಿದವರಿಗೆ ಇದು ಗೊತ್ತು. ಶಿಬಿರ ಮುಗಿಸಿದವರಿಗಾಗಿ ‘ನವಜೀವನ ಸಮಿತಿ’ಗಳಿವೆ, ಬಿಟ್ಟವರು ಬಿಟ್ಟವರನ್ನು ಕಾಯುವ ವ್ಯವಸ್ಥೆ. ಒಳ್ಳೆಯ ವ್ಯವಸ್ಥೆಯೇ, ಆದರೆ ಅದರ ಬಹುಪಾಲು ಸದಸ್ಯರು ಗಂಡಸರು. ಬಿಟ್ಟುಬಂದ ಹೆಂಗಸಿನ ಗಂಡ ಎಷ್ಟೋ ಸಲ ತಾನೇ ಕುಡುಕ. ಹೊಡೆತ, ಅನುಮಾನ, ‘ಮಕ್ಕಳ ಮುಖ ನೋಡಲು ಯೋಗ್ಯಳೇ ನೀನು’ ಎಂಬ ಮಾತು, ಇವೇ ಅವಳನ್ನು ಕುಡಿತಕ್ಕೆ ತಳ್ಳಿದ ಕಾರಣಗಳೂ ಆಗಿರುತ್ತವೆ. ಒತ್ತಡದ ರಾಸಾಯನಿಕಗಳು ಚಟದ ನರಜಾಲವನ್ನು ನೇರವಾಗಿ ಕೆದಕುತ್ತವೆ ಎಂಬುದು ಈಗ ನರವಿಜ್ಞಾನದ ಪಾಠಪುಸ್ತಕದ ಮಾತು.

ಹಾಗಾದರೆ ಅವಳು ಎಲ್ಲಿಗೆ ಹೋಗಬೇಕು? ಆಸ್ಪತ್ರೆಗೂ ಮನೆಗೂ ನಡುವೆ ಇನ್ನೊಂದು ಮನೆ ಬೇಕು. 1975ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಪಾಲ್ ಮೊಲ್ಲಾಯ್ ಮತ್ತು ಅವನಂತೆಯೇ ಕುಡಿತ ಬಿಟ್ಟ ಕೆಲವರು, ತಾವಿದ್ದ ಸರ್ಕಾರಿ ಆಶ್ರಯಗೃಹ ಮುಚ್ಚುವುದೆಂದು ತಿಳಿದಾಗ, ಆ ಮನೆಯನ್ನು ತಾವೇ ಬಾಡಿಗೆಗೆ ಹಿಡಿದರು. ‘ಆಕ್ಸ್‌ಫರ್ಡ್ ಹೌಸ್’ ಶುರುವಾದದ್ದು ಹೀಗೆ. ವೈದ್ಯರಿಲ್ಲ, ವಾರ್ಡನ್ ಇಲ್ಲ. ಬಾಡಿಗೆಯನ್ನು ಎಲ್ಲರೂ ದುಡಿದು ಹಂಚಿಕೊಳ್ಳಬೇಕು. ತೀರ್ಮಾನಗಳು ಮತದಿಂದ. ಮತ್ತೆ ಕುಡಿದವರು ಮನೆ ಬಿಡಬೇಕು. ಹೆಂಗಸರ ಮನೆಗಳು ಬೇರೆ, ಗಂಡಸರವು ಬೇರೆ. ಈಗ ಇಂಥ ಮನೆಗಳು ಸಾವಿರಗಟ್ಟಲೆ ಇವೆ.

ಇದು ಬರೀ ಸದಾಶಯವೇ ಎಂದು ಪರೀಕ್ಷಿಸಿದವರು ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲೆನರ್ಡ್ ಜೇಸನ್. ಚಿಕಿತ್ಸೆ ಮುಗಿಸಿದ 150 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಅವರಲ್ಲಿ ಹೆಂಗಸರೇ ಹೆಚ್ಚು. ಅರ್ಧ ಜನ ಆಕ್ಸ್‌ಫರ್ಡ್ ಹೌಸಿಗೆ, ಅರ್ಧ ಜನ ಎಂದಿನ ಅನುಸರಣಾ ಆರೈಕೆಗೆ. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷದ ಬಳಿಕ ಎಂದಿನ ಆರೈಕೆಯವರಲ್ಲಿ ನೂರಕ್ಕೆ ಸುಮಾರು 65 ಮಂದಿ ಮತ್ತೆ ಚಟಕ್ಕೆ ಬಿದ್ದಿದ್ದರು, ಮನೆಗಳಿಗೆ ಹೋದವರಲ್ಲಿ 31. ಅವರ ತಿಂಗಳ ಗಳಿಕೆಯೂ ಉಳಿದವರ ದುಪ್ಪಟ್ಟಿತ್ತು. ಒಂದು ಬಾಡಿಗೆ ಮನೆ ಇಷ್ಟು ಮಾಡಬಲ್ಲುದೆಂದರೆ, ಚಟಬಿಡಿಸುವ ಕೇಂದ್ರಗಳ ಜಾಹೀರಾತು ಫಲಕಗಳನ್ನು ಕೊಂಚ ಅನುಮಾನದಿಂದ ನೋಡುವ ಹಕ್ಕು ನಮಗಿದೆ.

ಅಂಥ ಮನೆಯೊಳಗೆ ನಡೆಯುವುದೇನು? ಬಹಳ ಸಣ್ಣ ಸಂಗತಿಗಳು. ಕೆಮ್ಮಿನ ಸಿರಪ್ಪು, ಸ್ಯಾನಿಟೈಸರ್, ಮೌತ್‌ವಾಷ್ ಕೊಳ್ಳುವ ಮೊದಲು ಆಲ್ಕೊಹಾಲ್ ಇದೆಯೇ ಎಂದು ಲೇಬಲ್ ಓದುವುದು. ಸಂಬಳದ ದಿನ ಒಬ್ಬಳೇ ಪೇಟೆಗೆ ಹೋಗದಿರುವುದು. ರಾತ್ರಿ ಎರಡಕ್ಕೆ ನಿದ್ದೆ ಬಾರದವಳು ಅಡುಗೆಮನೆಯ ದೀಪ ಹಾಕಿದರೆ ಇನ್ನೊಬ್ಬಳು ಎದ್ದು ಬಂದು ಚಹಾಕ್ಕೆ ನೀರಿಡುವುದು. ಬಿಟ್ಟ ಮೇಲೆ ತಿಂಗಳುಗಟ್ಟಲೆ ನಿದ್ದೆ ಸರಿಹೋಗುವುದಿಲ್ಲ ಎಂಬುದು ವೈದ್ಯರು ಹೇಳಿದರೆ ಮಾಹಿತಿ, ಆರು ತಿಂಗಳ ಹಿಂದೆ ಅದೇ ಅಡುಗೆಮನೆಯಲ್ಲಿ ಎದ್ದು ಕೂತವಳು ಹೇಳಿದರೆ ಧೈರ್ಯ.

ಹೇಳುವವಳಿಗೂ ಇದರಿಂದ ಲಾಭವಿದೆ. ಅಮೆರಿಕದ ದೊಡ್ಡ ಅಧ್ಯಯನವೊಂದರ ಮಾಹಿತಿಯನ್ನು 2004ರಲ್ಲಿ ಮತ್ತೆ ಜಾಲಾಡಿದ ಮರಿಯಾ ಪಗಾನೊ, ಇತರ ಕುಡುಕರಿಗೆ ನೆರವಾಗುತ್ತಿದ್ದವರಲ್ಲಿ ನೂರಕ್ಕೆ 40 ಮಂದಿ ವರ್ಷವಿಡೀ ಕುಡಿಯದೆ ಉಳಿದರೆಂದು ಕಂಡುಕೊಂಡರು. ನೆರವಾಗದವರಲ್ಲಿ ಅದು 22. ಗಟ್ಟಿ ಮನಸ್ಸಿನವರೇ ನೆರವಿಗೆ ಮುಂದಾಗಿರಬಹುದು, ಆದ್ದರಿಂದ ಇದನ್ನು ಪೂರಾ ಪುರಾವೆ ಎನ್ನಲಾಗದು. ಆದರೆ ಇಲಿಗಳೂ ಅದೇ ದಿಕ್ಕಿಗೆ ಬೆರಳು ತೋರುತ್ತವೆ. ಮಾರ್ಕೊ ವೆನ್ನಿರೊ ತಂಡ 2018ರಲ್ಲಿ ಚಟ ಹತ್ತಿದ ಇಲಿಗಳ ಮುಂದೆ ಎರಡು ಆಯ್ಕೆ ಇಟ್ಟಿತು: ಒಂದು ಕಡೆ ಮಾದಕ ಮದ್ದು, ಇನ್ನೊಂದು ಕಡೆ ಬಾಗಿಲು ತೆರೆದರೆ ಜೊತೆಗಾರ ಇಲಿ. ಬಹುತೇಕ ಎಲ್ಲ ಇಲಿಗಳೂ ಜೊತೆಯನ್ನೇ ಆರಿಸಿಕೊಂಡವು. ಆ ಬಾಗಿಲು ತೆರೆಯುವುದನ್ನು ತಡಮಾಡಿದಾಗ, ಅಥವಾ ಅದಕ್ಕೆ ಶಾಕಿನ ಶಿಕ್ಷೆ ಸೇರಿಸಿದಾಗ, ಮತ್ತೆ ಮದ್ದಿನತ್ತ ತಿರುಗಿದವು. ನನಗೆ ಈ ಎರಡನೆಯ ಭಾಗವೇ ಮುಖ್ಯವೆನಿಸುತ್ತದೆ. ಜೊತೆ ತಕ್ಷಣ ಸಿಗಬೇಕು, ಮತ್ತು ಅದರೊಂದಿಗೆ ದಂಡನೆ ಬರಬಾರದು. ಕುಡಿದೆ ಎಂದು ಬಾಯಿಬಿಡುವುದೇ ಅಪರಾಧವನ್ನು ಒಪ್ಪಿಕೊಂಡಂತೆ ಕೇಳಿಸುವ ರಾಜ್ಯದಲ್ಲಿ ಈ ಎರಡನೆಯ ಷರತ್ತು ಸುಲಭವಲ್ಲ.

ಭಾರತದಲ್ಲಿ ಹೆಂಗಸರಿಗೆಂದೇ ಇರುವ ಇಂಥ ಮನೆಗಳು ತೀರಾ ಅಪರೂಪ. ‘ನಮ್ಮ ಹೆಂಗಸರಿಗೆ ಇದೆಲ್ಲ ನಡೆಸಲು ಬಂದೀತೇ’ ಎನ್ನುವವರು ಅಹಮದಾಬಾದನ್ನೇ ನೋಡಬೇಕು. 1972ರಲ್ಲಿ ಇಳಾ ಭಟ್ ದುಡಿಯುವ ಬಡ ಹೆಂಗಸರ ಸಂಘಟನೆ ‘ಸೇವಾ’ ಕಟ್ಟಿದ ಊರು ಅದು. ಬ್ಯಾಂಕುಗಳು ಬಾಗಿಲು ತೆರೆಯದಿದ್ದಾಗ, 1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ತೆರೆದರು. ತರಕಾರಿ ಮಾರುವವರು, ಹಳೆ ಬಟ್ಟೆ ಮಾರುವವರು ಬ್ಯಾಂಕ್ ನಡೆಸಿದ ಊರಿನಲ್ಲಿ ಆರೇಳು ಹೆಂಗಸರು ಒಂದು ಮನೆ ನಡೆಸಲಾರರೇ?

ಕಾನೂನಿನ ಅಡ್ಡಿಯೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ಚಟವನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆಸ್ಪತ್ರೆಗೂ ಮನೆಗೂ ನಡುವಿನ ವಸತಿಯನ್ನು ಸರ್ಕಾರ ಒದಗಿಸಬೇಕಾದ ಸೇವೆಗಳ ಪಟ್ಟಿಯಲ್ಲೇ ಸೇರಿಸಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದು ಎಂದೂ ಹೇಳಿದೆ. ಮಗುವನ್ನು ಯಾರ ಕೈಗೆ ಕೊಡಲಿ ಎಂಬ ಒಂದೇ ಚಿಂತೆಯಿಂದ ಚಿಕಿತ್ಸೆಯನ್ನೇ ಮುಂದೂಡುವ ತಾಯಂದಿರಿಗೆ ಈ ಸಾಲು ಗೊತ್ತಿರಬೇಕಿತ್ತು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗಳಿಗೆ ಟೆಲಿ-ಮಾನಸ್ 14416.

ಉಳಿಯುವುದು ವಿಜ್ಞಾನಕ್ಕೆ ಸಂಬಂಧಿಸದ ಪ್ರಶ್ನೆ. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡಲು ಅಹಮದಾಬಾದಿನ ಸೊಸೈಟಿಗಳೂ ಬೆಂಗಳೂರಿನ ಮಾಲೀಕರೂ ನೂರು ಪ್ರಶ್ನೆ ಕೇಳುತ್ತಾರೆ. ಕುಡಿತ ಬಿಟ್ಟ ಆರು ಹೆಂಗಸರು ಒಟ್ಟಾಗಿ ಬಂದು ಬಾಗಿಲು ತಟ್ಟಿದರೆ, ಕರಾರುಪತ್ರಕ್ಕೆ ಸಹಿ ಹಾಕುವ ಮಾಲೀಕ ಮೊದಲು ಸಿಗಬೇಕು.